ಹತ್ತು ಬೈ ಹತ್ತರ ಕೋಣೆಯಲ್ಲಿ ಟ್ಯೂಬ್ ಆಂಪ್

ಧಾರವಾಡದ ಸಪ್ತಾಪುರದ ಕಡೆ ಬಾಡಿಗೆ ಕೋಣೆ ಅಂದರೆ ಹತ್ತು ಬೈ ಹತ್ತು, ನೆಲಕ್ಕೆ ಟೈಲ್ಸ್, ಮೇಲೆ ಆರ್‌ಸಿಸಿ, ಗೋಡೆಯಾಚೆ ಪರೀಕ್ಷೆಗೆ ಓದುತ್ತಿರುವ ಹುಡುಗ. ಅಲ್ಲಿ ಗಿಟಾರ್ ನುಡಿಸಲು ಇಟ್ಟ 15 ವ್ಯಾಟಿನ ಟ್ಯೂಬ್ ಆಂಪಿನ (ಗಾಜಿನ ವ್ಯಾಕ್ಯೂಮ್ ಟ್ಯೂಬುಗಳಿಂದ ಸದ್ದು ಹಿಗ್ಗಿಸುವ ಆಂಪ್ಲಿಫೈಯರ್) ವಾಲ್ಯೂಮ್ 3 ದಾಟಿತೋ ಇಲ್ಲವೋ, ಕೆಳಗಿನಿಂದ ಮಾಲಕರ ದನಿ: "ತಮ್ಮಾ, ಸ್ವಲ್ಪ ಸಣ್ಣಗ ಮಾಡಪಾ." 1ಕ್ಕೆ ಇಳಿಸಿದರೆ ಸದ್ದು ಸಣ್ಣದಾಗುತ್ತದೆ, ಅದರ ಜೊತೆಗೆ ತೆಳ್ಳಗೂ ಆಗುತ್ತದೆ.

ಹಾಗಾದರೆ ಕಡಿಮೆ ವ್ಯಾಟಿನದು ಕೊಂಡರಾಯಿತು ಅನ್ನುವವರೇ ಬಹಳ. ಲೆಕ್ಕ ಹಾಕಿ ನೋಡಿ. ಕಿವಿಗೆ ಸದ್ದು ಅರ್ಧವಾಯಿತು ಅನ್ನಿಸಬೇಕಾದರೆ ಪವರ್ ಹತ್ತನೇ ಒಂದು ಪಾಲಿಗೆ, ಅಂದರೆ 10 ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಇಳಿಯಬೇಕು. 15 ವ್ಯಾಟಿನಿಂದ 5ಕ್ಕೆ ಬಂದರೆ ಇಳಿಯುವುದು 5 ಡಿಬಿಗಿಂತ ಕಡಿಮೆ. ಗಿಟಾರ್ ಆಂಪುಗಳಲ್ಲಿ ಕಾಣುವ ಸೆಲೆಷನ್ ಗ್ರೀನ್‌ಬ್ಯಾಕ್ ಸ್ಪೀಕರಿನ ಸೆನ್ಸಿಟಿವಿಟಿ 98 ಡಿಬಿ. ಅಂದರೆ ಒಂದೇ ಒಂದು ವ್ಯಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ 98 ಡಿಬಿ. ವಸತಿ ಪ್ರದೇಶಕ್ಕೆ 2000ದ ಶಬ್ದಮಾಲಿನ್ಯ ನಿಯಮ ಇಟ್ಟಿರುವ ಮಿತಿ ಹಗಲು 55, ರಾತ್ರಿ ಹತ್ತರ ನಂತರ 45. ಒಂದು ವ್ಯಾಟಿನ ಆಂಪ್ ಕೂಡ ಪೂರ್ತಿ ತಿರುಗಿಸಿದರೆ ಜಗಳಕ್ಕೆ ಸಾಕು. ವ್ಯಾಟ್ ಎಷ್ಟು ಅನ್ನುವುದಕ್ಕಿಂತ, ಬೇಡವಾದ ಪವರನ್ನು ಸರ್ಕ್ಯೂಟಿನ ಯಾವ ಜಾಗದಲ್ಲಿ ಚೆಲ್ಲುತ್ತೀರಿ ಅನ್ನುವುದು ಮುಖ್ಯ.

ಟೋನ್ ತೆಳ್ಳಗಾಗುವುದು ಯಾಕೆ ಅನ್ನುವುದನ್ನು ನಮ್ಮ ಊರಲ್ಲಿ ವಿವರಿಸುವುದು ಸುಲಭ. ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ ದಾರ ಸರಿಸಿ ಜವಾರಿ ಹಿಡಿಯುವುದನ್ನು ನೋಡಿದ್ದೀರಲ್ಲ? ದಾರ ಕೂದಲೆಳೆಯಷ್ಟು ಆಚೀಚೆಯಾದರೂ ಝೇಂಕಾರ ಸತ್ತುಹೋಗುತ್ತದೆ. ಸ್ವರ ಅದೇ ಇರುತ್ತದೆ, ಮೇಲಿನ ಹಾರ್ಮೋನಿಕ್ಸ್ ಹೋಗಿರುತ್ತವೆ. ಆಂಪಿನಲ್ಲಿ ಈ ದಾರದ ಕೆಲಸ ಮಾಡುವುದು ಒಂದು ಭಾಗವಲ್ಲ, ಸಿಗ್ನಲಿನ ಹಾದಿಯಲ್ಲಿ ಒಂದರ ಹಿಂದೊಂದು ಬರುವ ಪ್ರಿಆಂಪ್ ಟ್ಯೂಬ್ (ಸಣ್ಣ ಸಿಗ್ನಲನ್ನು ಮೊದಲು ಹಿಗ್ಗಿಸುವುದು), ಫೇಸ್ ಇನ್ವರ್ಟರ್ (ಪವರ್ ಟ್ಯೂಬುಗಳಿಗೆ ಸಿಗ್ನಲನ್ನು ಎರಡಾಗಿ ಒಡೆಯುವುದು), ಪವರ್ ಟ್ಯೂಬ್ (ಸ್ಪೀಕರ್ ಓಡಿಸುವ ಬಲ ಕೊಡುವುದು), ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಸ್ಪೀಕರಿನ ಕೋನ್ ಎಲ್ಲವೂ ಸೇರಿ. ಪ್ರಿಆಂಪಿನ ನಂತರ ಬರುವ ಮಾಸ್ಟರ್ ವಾಲ್ಯೂಮ್ ಇಳಿಸಿದಾಗ ಮೊದಲನೆಯದು ಮಾತ್ರ ದುಡಿಯುತ್ತದೆ, ಉಳಿದವು ಮಲಗಿರುತ್ತವೆ. ಇನ್ನೊಂದು ಕಾರಣ ಕಿವಿಯದು: ಸದ್ದು ಇಳಿದಂತೆ ಕಿವಿಗೆ ಬೇಸ್ ಮೊದಲು ಮಾಯವಾಗುತ್ತದೆ, ಟ್ರೆಬಲ್ ಕೂಡ ಒಂದಿಷ್ಟು. ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದ್ದು 1933ರಲ್ಲಿ. ಮಾಸ್ಟರ್ ಇಲ್ಲದ ಆಂಪುಗಳಲ್ಲಿ ವಾಲ್ಯೂಮ್ ಪಾಟಿಗೆ (ನಾಬಿನ ಹಿಂದಿನ ತಿರುಗುವ ರೆಸಿಸ್ಟರ್) ಬ್ರೈಟ್ ಕೆಪಾಸಿಟರ್ ಇದ್ದರೆ ಮತ್ತೊಂದು ಕಾಟ. ಪಾಟ್ ಇಳಿಸಿದಷ್ಟೂ ಟ್ರೆಬಲ್ ಮಾತ್ರ ಅದರ ಮೂಲಕ ನುಸುಳಿ ಕಿವಿ ಚುಚ್ಚುತ್ತದೆ.

ದುಡ್ಡು ಖರ್ಚು ಮಾಡುವ ಮೊದಲು ಆಂಪನ್ನು ನೆಲದಿಂದ ಎತ್ತಿ ಕುರ್ಚಿಯ ಮೇಲಿಡಿ. 12 ಇಂಚಿನ ಸ್ಪೀಕರ್ ಟ್ರೆಬಲನ್ನು ಟಾರ್ಚಿನ ಬೆಳಕಿನ ಹಾಗೆ ನೇರ ಎಸೆಯುತ್ತದೆ. ನೆಲದ ಮೇಲಿದ್ದರೆ ಅದು ನಿಮ್ಮ ಮೊಣಕಾಲಿಗೆ ಕೇಳಿಸುತ್ತದೆ, ಕಿವಿಗಲ್ಲ. ಕೇಳಿಸಲಿಲ್ಲವೆಂದು ನೀವು ವಾಲ್ಯೂಮ್ ಏರಿಸುತ್ತೀರಿ. ಕಿವಿಯ ಮಟ್ಟದಲ್ಲಿ, ಮೂರು ಅಡಿ ದೂರದಲ್ಲಿ, ಮೂಲೆ ಬಿಟ್ಟು ಇಡಿ. ಮೂಲೆಯಲ್ಲಿ ಬೇಸ್ ಗುಂಯ್‌ಗುಡುತ್ತದೆ. ಎದುರಿನ ಗೋಡೆಗೆ ದಪ್ಪ ಕೌದಿಯೊಂದನ್ನು ನೇತುಹಾಕಿದರೆ ಟೈಲ್ಸ್ ಕೋಣೆಯ ಕರ್ಕಶತನ ಹೋಗುತ್ತದೆ. ಆಂಪಿನ ಕೆಳಗೆ ನವಲಗುಂದದ ಜಮಖಾನ ಹಾಸುವುದು ನೋಡಲು ಚೆಂದ, ಬೇಸ್ ತಡೆಯಲು ಪ್ರಯೋಜನವಿಲ್ಲ.

ಎಫೆಕ್ಟ್ಸ್ ಲೂಪ್ (ಪ್ರಿಆಂಪ್ ಮತ್ತು ಪವರ್ ಭಾಗದ ನಡುವೆ ಸಿಗ್ನಲನ್ನು ಸೆಂಡ್ ಜಾಕಿನಿಂದ ಹೊರತೆಗೆದು ರಿಟರ್ನ್ ಜಾಕಿಗೆ ವಾಪಸ್ ಕೊಡುವ ದಾರಿ) ಇರುವ ಆಂಪಾದರೆ ಎಲ್ಲಕ್ಕಿಂತ ಅಗ್ಗದ ಉಪಾಯ ಲೂಪಿನಲ್ಲಿ ಒಂದು ವಾಲ್ಯೂಮ್ ಡಬ್ಬಿ. ಮೆಟಲ್ ಡಬ್ಬಿ, ಕಾಲಿಂಚಿನ ಎರಡು ಮೋನೊ ಜಾಕ್, 100ಕೆ (ಕಿಲೊ ಓಮ್) ಲಾಗ್ ಪಾಟ್, ಅಷ್ಟೇ. ಸೆಂಡ್‌ನಿಂದ ಬಂದ ವೈರ್ ಪಾಟಿನ ಒಂದು ಹೊರಕಾಲಿಗೆ, ನಡುವಿನ ಕಾಲು ರಿಟರ್ನ್‌ಗೆ, ಇನ್ನೊಂದು ಹೊರಕಾಲು ಗ್ರೌಂಡಿಗೆ. ತಿರುಗಿಸಿದಾಗ ಉಲ್ಟಾ ಕೆಲಸ ಮಾಡಿದರೆ ಹೊರಗಿನ ಎರಡು ಕಾಲು ಅದಲುಬದಲು ಮಾಡಿ. ಅಂಗಡಿಯಲ್ಲಿ 500ಕೆ ಕೊಟ್ಟರೆ ಬೇಡ ಅನ್ನಿ. ಅದರ ರೆಸಿಸ್ಟೆನ್ಸ್ ಅರ್ಧಕ್ಕೆ ಬರುವ ಜಾಗದಲ್ಲಿ ಔಟ್‌ಪುಟ್ ಇಂಪಿಡೆನ್ಸ್ (ಸಿಗ್ನಲಿಗೆ ಎದುರಾಗುವ ತಡೆ) 125ಕೆ ತನಕ ಹೋಗುತ್ತದೆ. ಮೂರು ಮೀಟರ್ ಕೇಬಲಿನ ಸುಮಾರು 300 ಪಿಕೊಫ್ಯಾರಡ್ ಸೇರಿದರೆ 4 ಕಿಲೊಹರ್ಟ್ಸ್ ಆಸುಪಾಸಿನಿಂದಲೇ ಟ್ರೆಬಲ್ ಸೋರಲು ಶುರು. 100ಕೆ ಆದರೆ ಅದೇ ಕೇಬಲಿಗೆ 21 ಕಿಲೊಹರ್ಟ್ಸ್, ಚಿಂತೆಯಿಲ್ಲ. ಲೂಪ್ ಸೀರೀಸ್ ಇರಬೇಕು. ಪ್ಯಾರಲಲ್ ಲೂಪಾದರೆ ಮೂಲ ಸಿಗ್ನಲ್ ಪಕ್ಕದ ದಾರಿಯಿಂದ ಹೋಗಿಬಿಡುತ್ತದೆ, ಡಬ್ಬಿ ತಿರುಗಿಸಿದರೂ ಸದ್ದು ಪೂರ್ತಿ ಇಳಿಯುವುದಿಲ್ಲ.

ಇದರಿಂದ ಪವರ್ ಟ್ಯೂಬುಗಳೇನೂ ಏಳುವುದಿಲ್ಲ. ಮಾಸ್ಟರ್ ನಾಬ್ 0 ಮತ್ತು 1ರ ನಡುವೆ ಕೂದಲಿನಷ್ಟು ಸರಿದರೂ ಜಿಗಿಯುವ ತೊಂದರೆ ಮಾತ್ರ ಹೋಗುತ್ತದೆ. ರಾತ್ರಿ ನುಡಿಸುವವರಿಗೆ ಅದೇ ದೊಡ್ಡದು. ಕಿವಿಗೆ ಮಾಯವಾದ ಬೇಸ್, ಟ್ರೆಬಲ್ ತುಂಬಲು ಲೂಪಿನಲ್ಲೇ ಇಕ್ಯೂ (ಈಕ್ವಲೈಸರ್) ಪೆಡಲ್ ಸೇರಿಸಿ 100 ಹರ್ಟ್ಸ್‌ಗೆ 3 ಡಿಬಿ, 3-4 ಕಿಲೊಹರ್ಟ್ಸ್‌ಗೆ 2 ಡಿಬಿ ಏರಿಸಿ. ಬೇಸನ್ನು ಆಂಪಿನ ಮುಂದೆ ಏರಿಸಿದರೆ ಪ್ರಿಆಂಪ್ ಅದನ್ನು ಕಲಸಿ ರಾಡಿ ಮಾಡುತ್ತದೆ.

ಪವರ್ ಟ್ಯೂಬುಗಳೂ ದುಡಿಯಬೇಕು ಅಂದರೆ ಆಂಪ್ ಮತ್ತು ಸ್ಪೀಕರ್ ನಡುವೆ ಅಟೆನ್ಯುಯೇಟರ್ ಬೇಕು, ಅಂದರೆ ಪವರಿನ ಒಂದು ಪಾಲನ್ನು ಶಾಖವಾಗಿಸಿ ಉಳಿದದ್ದನ್ನು ಸ್ಪೀಕರಿಗೆ ಕೊಡುವ ಡಬ್ಬಿ. ಇಲ್ಲಿ ಕೈ ತಪ್ಪಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ, ಆದ್ದರಿಂದ ನಿಧಾನ. 8 ಓಮ್ ಔಟ್‌ಪುಟ್, 8 ಓಮ್ ಸ್ಪೀಕರ್, 15 ವ್ಯಾಟಿನ ಆಂಪ್ ಅಂದುಕೊಳ್ಳಿ. 6 ಡಿಬಿ ಇಳಿಸಲು ಸೀರೀಸಿನಲ್ಲಿ 4 ಓಮ್ ರೆಸಿಸ್ಟರ್, ಸ್ಪೀಕರಿಗೆ ಅಡ್ಡಲಾಗಿ (ಪ್ಯಾರಲಲ್) 8 ಓಮ್. 12 ಡಿಬಿಗೆ ಸೀರೀಸಿನಲ್ಲಿ 6 ಓಮ್, ಅಡ್ಡಲಾಗಿ 2.7 ಓಮ್. 12 ಡಿಬಿಯಲ್ಲಿ 15 ವ್ಯಾಟಿನ ಪೈಕಿ ಸ್ಪೀಕರಿಗೆ ತಲುಪುವುದು ಒಂದು ವ್ಯಾಟಿನಷ್ಟು. 11 ವ್ಯಾಟ್ 6 ಓಮಿನಲ್ಲೇ ಶಾಖವಾಗುತ್ತದೆ. ಪೂರ್ತಿ ತಿರುಗಿಸಿದ ಆಂಪ್ ತನ್ನ ರೇಟಿಂಗ್ ಮೀರಿ 20-25 ವ್ಯಾಟ್ ಕೊಡಬಲ್ಲದು, ಆಗ ಆ ಪಾಲು 18ರ ಹತ್ತಿರ. ಅಂಗಡಿಯವರು ಕೊಡುವ ಬಿಳಿ ಸಿಮೆಂಟಿನ 10 ವ್ಯಾಟ್ ರೆಸಿಸ್ಟರ್ ಇಲ್ಲಿ ನಡೆಯುವುದಿಲ್ಲ. ಅಲ್ಯೂಮಿನಿಯಂ ಮೈಯ 50 ವ್ಯಾಟಿನವು ಬೇಕು, ಅವನ್ನೂ ಹೀಟ್‌ಸಿಂಕ್ ಪೇಸ್ಟ್ ಹಚ್ಚಿ ದಪ್ಪ ಅಲ್ಯೂಮಿನಿಯಂ ಡಬ್ಬಿಗೆ ಸ್ಕ್ರೂ ಮಾಡಬೇಕು. ಮೇಲೆ ಬರೆದ ವ್ಯಾಟ್ ಹೀಟ್‌ಸಿಂಕ್ ಇದ್ದಾಗ ಮಾತ್ರ ನಿಜ.

6 ಓಮಿಗೆ ಒಂದೇ ರೆಸಿಸ್ಟರ್ ಹುಡುಕಬೇಡಿ, ಎರಡು 12 ಓಮ್ ಪ್ಯಾರಲಲ್ ಹಾಕಿ. ಒಂದೇ ಇದ್ದು ಅದರ ಬೆಸುಗೆ ಬಿಟ್ಟರೆ ಆಂಪಿಗೆ ಲೋಡೇ ಇಲ್ಲ. ಲೋಡಿಲ್ಲದ ಟ್ಯೂಬ್ ಆಂಪಿನಲ್ಲಿ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಲ್ಲಿ ಸಾವಿರ ವೋಲ್ಟ್ ಮೀರಿದ ಹೊಡೆತ ಎದ್ದು ಇನ್ಸುಲೇಶನ್ ತೂತಾಗುತ್ತದೆ. ಎರಡಿದ್ದರೆ ಒಂದು ಹೋದರೂ 14 ಓಮ್ ಉಳಿಯುತ್ತದೆ, ಸದ್ದು ಇಳಿದದ್ದು ಕೇಳಿ ನಿಮಗೆ ಗೊತ್ತಾಗುತ್ತದೆ. ಸ್ಪೀಕರ್ ಕೇಬಲ್ ಕಿತ್ತುಬಂದರೂ 6 ಮತ್ತು 2.7 ಸೇರಿ 8.7 ಓಮ್ ಇರುವುದರಿಂದ ಆಂಪ್ ಬದುಕುತ್ತದೆ. ಆಂಪಿನಿಂದ ಡಬ್ಬಿಗೆ, ಡಬ್ಬಿಯಿಂದ ಸ್ಪೀಕರಿಗೆ ಎರಡಕ್ಕೂ ಸ್ಪೀಕರ್ ವೈರೇ ಬೇಕು. ಗಿಟಾರ್ ಕೇಬಲಿನ ಒಳಗಿನ ವೈರ್ ಎಳೆದಾರದಷ್ಟು ಸಣ್ಣ.

12 ಡಿಬಿ ದಾಟಬೇಡಿ. ಸ್ಪೀಕರಿನ ಇಂಪಿಡೆನ್ಸ್ 8 ಓಮ್ ಅನ್ನುವುದು ಹೆಸರಿಗೆ. ರೆಸೊನೆನ್ಸ್ (ಕೋನ್ ತಾನಾಗಿ ಹೆಚ್ಚು ಅಲುಗುವುದು) ಇರುವ ಬೇಸಿನಲ್ಲಿ ಅದು ಹಲವು ಪಟ್ಟು ಏರುತ್ತದೆ, ಟ್ರೆಬಲಿನಲ್ಲೂ ಏರುತ್ತದೆ. ಟ್ಯೂಬ್ ಆಂಪ್ ಆ ಎರಡು ಕಡೆ ಹೆಚ್ಚು ವೋಲ್ಟೇಜ್ ಕೊಡುವುದರಿಂದಲೇ ಅದರ ಗುದ್ದು, ಅದರ ಹೊಳಪು. ನಡುವೆ 2.7 ಓಮ್ ಕೂತರೆ ಆ ಏರಿಳಿತ ಚಪ್ಪಟೆಯಾಗಿ ಕಂಬಳಿ ಹೊದಿಸಿದ ಹಾಗೆ ಕೇಳುತ್ತದೆ. ಕಾಯಿಲ್ ಮತ್ತು ಕೆಪಾಸಿಟರ್ ಇರುವ ರಿಯಾಕ್ಟಿವ್ ಅಟೆನ್ಯುಯೇಟರ್ ಈ ಏರಿಳಿತವನ್ನು ಉಳಿಸುತ್ತದೆ, ಬೆಲೆ ಮಾತ್ರ ಕೆಲವು ಸಣ್ಣ ಆಂಪುಗಳಷ್ಟಾಗುತ್ತದೆ. ಪವರ್ ಟ್ಯೂಬುಗಳೂ ಪೂರ್ತಿ ದುಡಿಯುವುದರಿಂದ ಬೇಗ ಸವೆಯುತ್ತವೆ. ನನ್ನ ಮಟ್ಟಿಗೆ ಹಗಲು 6 ಡಿಬಿ, ಸಂಜೆ 12, ರಾತ್ರಿ ಲೂಪ್ ಡಬ್ಬಿ.

ಕರೆಂಟಿನ ಕಡೆಗೂ ಗಮನವಿರಲಿ. ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ಟ್ಯೂಬ್ ಆಂಪ್ ಓಡಿಸಬೇಡಿ. ಸಾಮಾನ್ಯ 230 ವೋಲ್ಟಿನ ಸೈನ್ ಅಲೆಯ ತುದಿ 325 ವೋಲ್ಟ್. ಚೌಕ ಅಲೆಗೆ ತುದಿಯೂ ಸುಮಾರು 230ರಷ್ಟೇ. ಟ್ಯೂಬನ್ನು ಕಾಯಿಸುವ ಫಿಲಮೆಂಟ್ ಸರಿಯಾಗಿ ಕಾದರೂ ಒಳಗಿನ ಎಚ್‌ಟಿ (ಟ್ಯೂಬುಗಳಿಗೆ ಬೇಕಾದ ಹೈ ವೋಲ್ಟೇಜ್ ಡಿಸಿ) ಸುಮಾರು ಶೇಕಡ 30ರಷ್ಟು ಕುಸಿದು ಟೋನ್ ಸೊರಗುತ್ತದೆ, ಮೇಲೆ ಗುರ್ರೆನ್ನುವ ಸದ್ದು ಬೇರೆ. ವೇರಿಯಾಕ್ (ವೋಲ್ಟೇಜ್ ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್) ಹಾಕಿ ವೋಲ್ಟೇಜ್ ಇಳಿಸುವ ಉಪಾಯವೂ ಬೇಡ. 6.3 ವೋಲ್ಟಿನ ಫಿಲಮೆಂಟ್ 5.7ಕ್ಕಿಂತ ಕೆಳಗೆ ಹೋಗಬಾರದು.

ಇನ್ನು ಟ್ಯೂಬ್ ಬದಲಿಸುವುದು. ಇನ್‌ಪುಟ್ಟಿನ ಮೊದಲ ಪ್ರಿಆಂಪ್ ಟ್ಯೂಬ್ ಸಾಮಾನ್ಯವಾಗಿ 12ಎಎಕ್ಸ್7, ಅದರ ಆಂಪ್ಲಿಫಿಕೇಶನ್ ಫ್ಯಾಕ್ಟರ್ (ಸಿಗ್ನಲ್ ಹಿಗ್ಗಿಸುವ ಬಲ) 100. ಅದರ ಜಾಗದಲ್ಲಿ 5751 ಹಾಕಿದರೆ 70, 12ಎವೈ7 ಹಾಕಿದರೆ ಸುಮಾರು 44. ನಾಬ್ ತಿರುಗಿಸಲು ಜಾಗ ಸಿಗುತ್ತದೆ, ಕ್ಲೀನ್ ಟೋನ್ ಇಷ್ಟಪಡುವವರಿಗೆ ಒಳ್ಳೆಯದು. ಡಿಸ್ಟಾರ್ಶನ್ ಬೇಕಾದವರು ಈ ಕಡೆ ಬರಬೇಡಿ. ಆಂಪ್ ಆಫ್ ಮಾಡಿ, ಪ್ಲಗ್ ಕಿತ್ತು, ಹತ್ತು ನಿಮಿಷ ಆರಲು ಬಿಟ್ಟು, ಗಾಜನ್ನು ಸಾಕೆಟಿನಿಂದ ನೇರ ಎಳೆಯಿರಿ. ಅಲುಗಾಡಿಸಿದರೆ ಪಿನ್ನು ಬಾಗುತ್ತದೆ.