ಕಂಡಕ್ಟರ್ 11ರ ಮೂರು ಕರ್ವ್‌ಗಳು: ಲೆಕ್ಕ ಎಲ್ಲಿಗೆ ಬಂತು

ಅರ್ಧಕ್ಕೆ ನಿಂತಿದ್ದ ಪೈಥಾನ್ ಕೋಡ್ ಈ ವಾರ ಕೊನೆಗೂ ಓಡಿತು. ಎಲ್-ಫಂಕ್ಷನ್ ಅಂದರೆ ಒಂದು ಕರ್ವ್ ಬಗ್ಗೆ ಪ್ರತಿ ಅವಿಭಾಜ್ಯದಲ್ಲೂ ಮಾಡಿದ ಎಣಿಕೆಗಳನ್ನೆಲ್ಲ ಒಟ್ಟು ಹಿಡಿದಿಡುವ ಫಂಕ್ಷನ್. ಅದೊಂದೇ ಕೈಯಲ್ಲಿದ್ದರೆ ಯಾವ ಕರ್ವ್‌ನದ್ದು ಅಂತ ಹೇಳಬಹುದಾ? ಇದೇ ನನ್ನ ಪ್ರಶ್ನೆ. ಕಂಡಕ್ಟರ್ 11ರ ಎರಡು ಎಲಿಪ್ಟಿಕ್ ಕರ್ವ್ (ಒಂದು ಕಡೆ ವೈ ವರ್ಗ, ಇನ್ನೊಂದು ಕಡೆ ಎಕ್ಸ್ ಘನ ಇರುವ ಬಗೆಯ ಸಮೀಕರಣ) ತೆಗೆದುಕೊಂಡೆ. ಕಂಡಕ್ಟರ್ ಅಂದರೆ ಕರ್ವ್ ಯಾವ ಅವಿಭಾಜ್ಯಗಳಲ್ಲಿ ಕೆಡುತ್ತದೆ ಅಂತ ಹೇಳುವ ಸಂಖ್ಯೆ, ಇಲ್ಲಿ 11ರಲ್ಲಿ ಮಾತ್ರ:

ಅ: ವೈ² + ವೈ = ಎಕ್ಸ್³ − ಎಕ್ಸ್²
ಆ: ವೈ² + ವೈ = ಎಕ್ಸ್³ − ಎಕ್ಸ್² − 10ಎಕ್ಸ್ − 20

ಪ್ರತಿ ಅವಿಭಾಜ್ಯ ಸಂಖ್ಯೆ 'ಪಿ'ಯಿಂದ ಭಾಗಿಸಿದಾಗ ಉಳಿಯುವ ಶೇಷಗಳಲ್ಲಿ ಎಷ್ಟು ಬಿಂದು ಸಿಗುತ್ತವೆ ಅಂತ ಎಣಿಸಬೇಕು. ಅನಂತದ ಬಿಂದುವೂ (ಕರ್ವ್‌ಗೆ ಹೆಚ್ಚುವರಿಯಾಗಿ ಸೇರಿಸುವ ಒಂದು ಬಿಂದು) ಸೇರಿ. ಆ ಮೊತ್ತವನ್ನು ಪಿ + 1ರಿಂದ ಕಳೆದರೆ ಸಿಗೋದು ಎ-ಪಿ. ಎಲ್-ಫಂಕ್ಷನ್ ಕಟ್ಟೋದು ಇವುಗಳಿಂದಲೇ.

2 ಮತ್ತು 5ರಲ್ಲಿ ಎರಡೂ ಸಮೀಕರಣ ಒಂದೇ ಆಗಿಬಿಡುತ್ತವೆ, ಮಜಾ ಇಲ್ಲ. 3ನ್ನು ಪೇಪರ್ ಮೇಲೆ ಮಾಡಿದೆ. 'ಅ'ಗೆ ಎಕ್ಸ್ 0 ಮತ್ತು 1 ಆದಾಗ ಎರಡೆರಡು ಬಿಂದು. 'ಆ'ಗೆ 0ರಲ್ಲಿ ಏನೂ ಇಲ್ಲ, 1 ಮತ್ತು 2ರಲ್ಲಿ ಎರಡೆರಡು. ಜಾಗ ಬೇರೆ, ಮೊತ್ತ ಎರಡಕ್ಕೂ 5. ಮುಂದೆ 7, 13, 17, 19ರಲ್ಲಿ ಎ-ಪಿ −2, 4, −2, 0. 1000ದವರೆಗೂ ಎರಡು ಕಾಲಂ ತದ್ರೂಪು.

ನಡುವೆ ಒಂದು ಎಡವಟ್ಟು. ಒಂದು ಶೇಷ ಇನ್ನೊಂದರ ವರ್ಗ ಹೌದೋ ಅಲ್ಲವೋ ಅಂತ ನೋಡಿ ಬಿಂದು ಎಣಿಸುವ ನನ್ನ ಸೂತ್ರ 2ಕ್ಕೆ ನಡೆಯೋದೇ ಇಲ್ಲ. ಆದರೂ ಇಲ್ಲಿ −2 ಅಂತ ಸರಿ ಉತ್ತರವನ್ನೇ ಕೊಟ್ಟಿತ್ತು, ಬರೀ ಅದೃಷ್ಟ! ಕಂಡಕ್ಟರ್ 19ರ ಕರ್ವ್ ಹಾಕಿದಾಗ 0 ಬರಬೇಕಾದಲ್ಲಿ ಮತ್ತೆ −2 ಬಂತು, ಆಗ ಸಿಕ್ಕಿಬಿತ್ತು. ಈಗ 2ನ್ನು ಸುಮ್ನೆ ಒಂದೊಂದಾಗಿ ಎಣಿಸುತ್ತೇನೆ.

ಆಮೇಲೆ ಮೂರನೆಯದು ಹಾಕಿದೆ. 'ಆ'ದಲ್ಲಿ ಕೊನೆಯ ಎರಡು ಪದ −7820ಎಕ್ಸ್ − 263580 ಆದರೆ ಅದು. ಮತ್ತೆ ಅವೇ ಎ-ಪಿ. 11 ಬಿಟ್ಟರೆ ಎಲ್ಲ ಕಡೆ ಬಿಂದುಗಳ ಮೊತ್ತ 5ರ ಗುಣಕ. 'ಅ', 'ಆ' ಎರಡಕ್ಕೂ ಐದೈದು ಭಾಗಲಬ್ಧ ಬಿಂದುಗಳಿವೆ (ಎಕ್ಸ್, ವೈ ಎರಡೂ ಪೂರ್ಣಾಂಕ ಅಥವಾ ಭಿನ್ನರಾಶಿ ಆಗಿರುವ ಬಿಂದುಗಳು, ಅನಂತದ್ದೂ ಸೇರಿ), ಹಾಗಾಗಿ ಅದು ಸಹಜ. ಆದರೆ ಈ ಮೂರನೆಯದಕ್ಕೆ ಇರೋದು ಅನಂತದ ಒಂದೇ ಬಿಂದು! ಎಲ್-ಫಂಕ್ಷನ್‌ಗೆ ಈ ವ್ಯತ್ಯಾಸ ಕಾಣೋದೇ ಇಲ್ಲ.

ಅದಕ್ಕೆ ಕಾಣೋದು ಕರ್ವ್ ಅಲ್ಲ, ಗ್ಯಾಲ್ವಾ ರೆಪ್ರೆಸೆಂಟೇಶನ್, ಅಂದರೆ ಸಂಖ್ಯೆಗಳ ಸಮ್ಮಿತಿಗಳನ್ನು ಮ್ಯಾಟ್ರಿಕ್ಸ್‌ಗಳಾಗಿ ಬರೆಯುವ ರೀತಿ. ಎ-ಪಿ ಅಂದರೆ ಅಲ್ಲಿ ಫ್ರೊಬೇನಿಯಸ್ (ಪ್ರತಿ 'ಪಿ'ಗೂ ಸಿಗುವ ಒಂದು ಸಮ್ಮಿತಿ) ಮ್ಯಾಟ್ರಿಕ್ಸಿನ ಟ್ರೇಸ್, ಅಂದರೆ ಕರ್ಣದ ಮೊತ್ತ. ಎಲ್ಲ ಟ್ರೇಸ್ ಒಂದೇ ಆದರೆ ರೆಪ್ರೆಸೆಂಟೇಶನ್ ಒಂದೇ, ಕರ್ವ್‌ಗಳು ಐಸೋಜೆನಸ್ (ಒಂದರ ಬಿಂದುಗಳನ್ನು ಇನ್ನೊಂದಕ್ಕೆ ಒಯ್ಯುವ ನಕ್ಷೆ, ಅಂದರೆ ಐಸೋಜೆನಿ, ಇರುವಂಥವು) ಅಂತ ಗಣಿತಜ್ಞ ಫಾಲ್ಟಿಂಗ್ಸ್ 1983ರಲ್ಲಿ ಸಾಧಿಸಿದರು. ಈ ಮೂರೂ ಡಿಗ್ರಿ 5ರ ಐಸೋಜೆನಿಗಳಿಂದ ಸರಪಳಿಯಂತೆ ಕೂಡಿವೆ.

ಹಾಗಾದರೆ ಎಲ್ಲ ಅವಿಭಾಜ್ಯಗಳೂ ಬೇಕಾ? ಜಿಎಲ್(2)ರ (ವಿಲೋಮ ಇರುವ 2×2 ಮ್ಯಾಟ್ರಿಕ್ಸ್‌ಗಳ ಗುಂಪಿನ) ಕಸ್ಪಿಡಲ್, ಅಂದರೆ ಚಿಕ್ಕವುಗಳಿಂದ ಕಟ್ಟಲಾಗದ, ರೆಪ್ರೆಸೆಂಟೇಶನ್‌ಗಳಿಗೆ 7/8ಕ್ಕಿಂತ ಜಾಸ್ತಿ ಸಾಂದ್ರತೆಯಲ್ಲಿ (ಅವಿಭಾಜ್ಯಗಳ ಅಷ್ಟು ಪಾಲಿನಲ್ಲಿ) ಹೊಂದಿದರೆ ಸಾಕು, ಇದು ದಿನಕರ್ ರಾಮಕೃಷ್ಣನ್ ಅವರ 1994ರ ಫಲಿತಾಂಶ. ಸರಿಯಾಗಿ 7/8 ಆದರೆ ಸಾಲದು. 8 ಸದಸ್ಯರ ಕ್ವಾಟರ್ನಿಯನ್ ಗುಂಪನ್ನು (±1, ±ಐ, ±ಜೆ, ±ಕೆ) 2×2 ಮ್ಯಾಟ್ರಿಕ್ಸ್‌ಗಳಾಗಿ ಬರೆದರೆ ಟ್ರೇಸ್ ಸೊನ್ನೆ ಆಗದಿರೋದು ±1ರಲ್ಲಿ ಮಾತ್ರ, ಅಂದರೆ ಕಾಲು ಭಾಗ. ಅದನ್ನು ಒಂದು ಹೊಸ ಕ್ವಾಡ್ರಾಟಿಕ್ ಕ್ಯಾರೆಕ್ಟರ್‌ನಿಂದ (ಅವಿಭಾಜ್ಯಗಳಿಗೆ +1 ಅಥವಾ −1 ಕೊಡುವ ನಿಯಮ) ಗುಣಿಸಿದರೆ ಆ ಕಾಲಿನಲ್ಲಿ ಅರ್ಧಕ್ಕೆ ಚಿಹ್ನೆ ಬದಲಾಗುತ್ತದೆ. ಎರಡರ ನಡುವೆ ತಪ್ಪೋದು 1/8 ಮಾತ್ರ.

ಮುಂದಿನ ವಾರ ಇದನ್ನೇ ಓಡಿಸಬೇಕು. √2, √3 ಇರುವ ಕ್ವಾಟರ್ನಿಯನ್ ಫೀಲ್ಡ್ (ಸಮ್ಮಿತಿಗಳು ಆ 8ರ ಗುಂಪೇ ಆಗಿರುವ ಸಂಖ್ಯೆಗಳ ಕೂಟ), √5ರ ಕ್ಯಾರೆಕ್ಟರ್ ('ಪಿ'ಯ ಶೇಷಗಳಲ್ಲಿ 5 ವರ್ಗವಾದರೆ +1, ಇಲ್ಲದಿದ್ದರೆ −1). 2, 3, 5 ಬಿಟ್ಟು ಕೈಲೆಕ್ಕ ಹಾಕಿದೆ: 7, 11, 13, 17, 19 ಎಲ್ಲದರಲ್ಲೂ ಎರಡೂ ಕಡೆ ಸೊನ್ನೆ. ಮೊದಲ ವ್ಯತ್ಯಾಸ 23ರಲ್ಲಿ.