ಮ್ಯಾಡಿಸನ್ ನದಿಯಲ್ಲಿ ಟ್ರೌಟ್ ಹಿಡಿದ ದಿನ

ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದೊಳಗೆ ಫೈರ್‌ಹೋಲ್ ಮತ್ತು ಗಿಬ್ಬನ್ ನದಿಗಳು ಕೂಡಿ ಹುಟ್ಟುವ ಮ್ಯಾಡಿಸನ್, 1959ರ ಭೂಕಂಪದಲ್ಲಿ ಗುಡ್ಡ ಕುಸಿದು ಉಂಟಾದ ಕ್ವೇಕ್ ಸರೋವರವನ್ನು ದಾಟಿ, ಮೊಂಟಾನಾ ರಾಜ್ಯದ ಎನಿಸ್ ಪಟ್ಟಣದ ಕಡೆಗೆ ಬಂಡೆಗಳ ನಡುವೆ ನೊರೆಗರೆಯುತ್ತ ಹರಿಯುತ್ತದೆ. ಜುಲೈ ಕೊನೆಯ ಒಂದು ಬೆಳಿಗ್ಗೆ, ಆ ಭಾಗದವರೇ ಆದ ಹಿರಿಯ ಸ್ನೇಹಿತರೊಂದಿಗೆ ನಾನು ಅಲ್ಲಿ ಟ್ರೌಟ್ ಮೀನು ಹಿಡಿಯಲು ಮೊಣಕಾಲುಮಟ್ಟದ ನೀರಿಗಿಳಿದೆ.

ಎಲ್ಕ್ ಜಿಂಕೆಯ ಕೂದಲನ್ನು ಕೊಕ್ಕೆಗೆ ಸುತ್ತಿ ಕಟ್ಟಿದ ಹುಸಿ ಕೀಟಕ್ಕೆ, ಟ್ರೌಟ್ ತಿನ್ನುವ ಕ್ಯಾಡಿಸ್ ಎಂಬ ಚಿಕ್ಕ ಕೀಟದಂತೆ ಕಾಣುವ ಅದಕ್ಕೆ, ತೂಕವೇ ಇಲ್ಲದ ಕಾರಣ, ಇಲ್ಲಿ ಎಸೆಯಬೇಕಾದುದು ಗಾಳವನ್ನಲ್ಲ, ತೂಕವುಳ್ಳ ದಪ್ಪ ದಾರವನ್ನು; ಅದು ಬೆನ್ನ ಹಿಂದೆ ಪೂರ್ತಿ ಚಾಚಿಕೊಳ್ಳುವವರೆಗೆ ತಾಳಿಕೊಂಡು ಆಮೇಲೆ ಕೋಲನ್ನು ಮುಂದಕ್ಕೆ ತರಬೇಕು. ಅದಕ್ಕಿಂತಲೂ ಕಷ್ಟದ್ದು ಮುಂದಿನ ಕೆಲಸ. ಮೀನು ಇರುವುದು ಬಂಡೆಯ ಮರೆಯ ನಿಧಾನದ ನೀರಿನಲ್ಲಿ, ದಾರ ಬೀಳುವುದು ನಡುವಿನ ಸೆಳವಿನ ಮೇಲೆ. ಸೆಳವು ದಾರವನ್ನು ಎಳೆದಾಗ ಕೀಟವೂ ನೀರಿನ ಮೇಲೆ ಗೆರೆ ಎಳೆಯುತ್ತ ಓಡಿದರೆ ಟ್ರೌಟ್ ಅದನ್ನು ನಂಬುವುದಿಲ್ಲ. ಆದ್ದರಿಂದ ಕೀಟವನ್ನು ಕದಲಿಸದೆ ದಾರವನ್ನಷ್ಟೇ ಎತ್ತಿ ಹರಿವಿನ ಮೇಲ್ಬದಿಗೆ ಹಾಕುತ್ತಿರಬೇಕು. ಇದು ಕೈಗೂಡಿದ ಒಂದು ಗಳಿಗೆಯಲ್ಲಿ ಮೊಳದುದ್ದದ ಬ್ರೌನ್ ಟ್ರೌಟ್ ಮೇಲೆದ್ದು ಕೀಟವನ್ನು ನುಂಗಿತು. ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರಿನಲ್ಲೇ ಇಟ್ಟು, ಮುಳ್ಳಿಲ್ಲದ ಕೊಕ್ಕೆಯನ್ನು ಬಿಡಿಸಿ, ಅದರ ತಲೆಯನ್ನು ಹರಿವಿಗೆ ಎದುರಾಗಿ ಹಿಡಿದೆ. ಅದು ತಾನಾಗಿಯೇ ಹೊರಟುಹೋಯಿತು.

ಬ್ರೌನ್ ಟ್ರೌಟ್ ಮೂಲತಃ ಯುರೋಪಿನದು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಲ್ಲಿಗೆ ಬಂದದ್ದು. ಆದರೆ ನನ್ನ ಕೈಯಲ್ಲಿದ್ದ ಮೀನು ಈ ನದಿಯಲ್ಲೇ ಹುಟ್ಟಿದ್ದು, ಸಾಕಣೆಯ ತೊಟ್ಟಿಯಿಂದ ತಂದು ಬಿಟ್ಟದ್ದಲ್ಲ ಎಂಬುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಂಡಿತು. ತೊಟ್ಟಿಯ ಮೀನುಗಳನ್ನು ಸುರಿದಷ್ಟೂ ನದಿಯ ಸ್ವಂತ ಮೀನುಗಳು ಕಡಿಮೆಯಾಗುತ್ತವೆ ಎಂಬುದನ್ನು ಡಿಕ್ ವಿನ್ಸೆಂಟ್ ಎಂಬ ಜೀವವಿಜ್ಞಾನಿ ಇದೇ ಮ್ಯಾಡಿಸನ್‌ನಲ್ಲಿ ಎಣಿಸಿ ತೋರಿಸಿದ ಮೇಲೆಯೇ, 1974ರಲ್ಲಿ, ಮೊಂಟಾನಾ ತನ್ನ ಟ್ರೌಟ್ ನದಿಗಳಿಗೆ ಮೀನು ಬಿಡುವುದನ್ನು ನಿಲ್ಲಿಸಿತು. ಮೀನು ಬೇಕೆನ್ನುವವರಿಗೆ ಮೀನು ಬಿಡಬೇಡಿ ಎಂದು ಹೇಳಲು ಎಷ್ಟು ಧೈರ್ಯ ಬೇಕಿತ್ತು! 1994ರಲ್ಲಿ ಇಲ್ಲಿ ಪತ್ತೆಯಾದ, ಪರೋಪಜೀವಿಯೊಂದರಿಂದ ಬರುವ ವರ್ಲಿಂಗ್ ರೋಗ ರೇನ್‌ಬೋ ಟ್ರೌಟ್‌ಗಳನ್ನು ಬಹುಮಟ್ಟಿಗೆ ಅಳಿಸಿಹಾಕಿದಾಗಲೂ, ಆ ಪರೋಪಜೀವಿಯೊಂದಿಗೆ ಯುರೋಪಿನಲ್ಲೇ ಬಾಳಿ ಬಂದ ಬ್ರೌನ್ ಟ್ರೌಟ್ ತಾಳಿಕೊಂಡಿತು.

ಮಧ್ಯಾಹ್ನ ಸ್ನೇಹಿತರು ಉಷ್ಣಮಾಪಕವನ್ನು ನೀರಿಗಿಳಿಸಿದಾಗ ಅದು 68 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು. ಬಿಸಿಯಾದ ನೀರಿನಲ್ಲಿ ಆಮ್ಲಜನಕ ಕಡಿಮೆ. ಸೆಣಸಿ ದಣಿದ ಮೀನು ಬಿಟ್ಟ ಮೇಲೂ ಸಾಯಬಹುದು. ಮೂರು ದಿನ ಸತತವಾಗಿ ನೀರು 73 ಡಿಗ್ರಿ ಮುಟ್ಟಿದರೆ ಮಧ್ಯಾಹ್ನ ಎರಡರಿಂದ ನಡುರಾತ್ರಿಯವರೆಗೆ ಮೀನು ಹಿಡಿಯುವುದನ್ನು ರಾಜ್ಯವೇ ನಿಷೇಧಿಸುತ್ತದೆ. ಆದೇಶ ಬರುವವರೆಗೆ ಕಾಯಬಾರದೆಂಬ ಸ್ನೇಹಿತರ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಮರುದಿನ ನಸುಕಿನಲ್ಲೇ ಬರುವುದೆಂದು ನಿಶ್ಚಯಿಸಿ ಕೋಲುಗಳನ್ನು ಕಳಚಿದೆವು.