ಅಬ್ಬಿ ನೀರಿನ ಮನೆಗೆ ಆರ್‌ಒ ಬಂದ ದಿನ

ಕಳೆದ ಮಾರ್ಚ್‌ನ ಒಂದು ಭಾನುವಾರ. ಅತ್ತೆ ಮತ್ತು ನಾನು ಜಗಲಿಯಲ್ಲಿ ಕುಳಿತು ಅಪ್ಪೆಮಿಡಿಯನ್ನು ಉಪ್ಪಿಗೆ ಹಾಕುತ್ತಿದ್ದೆವು. ಅಂಗಳದಲ್ಲಿ ಬೈಕ್ ನಿಂತಿತು. ನೀರು ಶುದ್ಧೀಕರಿಸುವ ಯಂತ್ರ ಮಾರುವ ಹುಡುಗ, ಬೆನ್ನಿಗೊಂದು ದೊಡ್ಡ ಚೀಲ. ಬಿಸಿಲಿನಲ್ಲಿ ಬಂದವನಿಗೆ ಅತ್ತೆ ಬೆಲ್ಲ, ನೀರು ಕೊಟ್ಟರು. ಅವನು ತಂಬಿಗೆಯ ನೀರನ್ನು ಅರ್ಧ ಕುಡಿದು, ಉಳಿದರ್ಧವನ್ನು ತನ್ನ ಗಾಜಿನ ಲೋಟಕ್ಕೆ ಸುರಿದ. ಇನ್ನೊಂದು ಲೋಟಕ್ಕೆ ತಾನು ತಂದಿದ್ದ ಆರ್‌ಒ ನೀರನ್ನು, ಅಂದರೆ ರಿವರ್ಸ್ ಆಸ್ಮೋಸಿಸ್ ಯಂತ್ರದಲ್ಲಿ ಶುದ್ಧವಾದ ನೀರನ್ನು ತುಂಬಿದ. ಎರಡರಲ್ಲೂ ಲೋಹದ ಕಡ್ಡಿಗಳಿರುವ ಸಾಧನವೊಂದನ್ನು ಇಳಿಬಿಟ್ಟು ಕರೆಂಟಿಗೆ ಜೋಡಿಸಿದ.

ಅವನ ನೀರು ತಿಳಿಯಾಗಿಯೇ ಉಳಿಯಿತು. ನಮ್ಮದು ನಿಧಾನವಾಗಿ ಹಳದಿಗೆ ತಿರುಗಿ, ಆಮೇಲೆ ಅದರಲ್ಲಿ ಹಸಿರು ಮಿಶ್ರಿತ ಕಂದು ಚೂರುಗಳು ತೇಲತೊಡಗಿದವು. "ನೋಡಿ ಅಮ್ಮಾ, ನೀವು ಕುಡಿಯುತ್ತಿರುವುದು ಇದನ್ನೇ" ಎಂದ. ಅತ್ತೆಯ ಮುಖ ಬಾಡಿತು. ಮದುವೆಯಾಗಿ ಈ ಮನೆಗೆ ಬಂದ ಲಾಗಾಯ್ತು ಅವರು ನಮ್ಮ ಮಲೆನಾಡಿನ ಗುಡ್ಡದಿಂದ ಹರಿದು ಬರುವ ಅಬ್ಬಿ ನೀರನ್ನೇ ಕುಡಿದವರು, ಅದನ್ನೇ ನಾಲ್ಕು ಮಕ್ಕಳಿಗೆ ಕುಡಿಸಿದವರು. "ಇಷ್ಟು ವರ್ಷ ಮಕ್ಕಳಿಗೆ ಇದನ್ನು ಕೊಟ್ಟೆನೇ?" ಎಂದು ನನ್ನ ಕಡೆ ನೋಡಿದರು. ಆ ನೋಟವನ್ನು ನನಗೆ ಸಹಿಸಲಾಗಲಿಲ್ಲ.

ಮಿಡಿಯ ಪಾತ್ರೆಯಿಂದ ಒಂದು ಚಿಟಿಕೆ ಉಪ್ಪು ತೆಗೆದು ಅವನ ಶುದ್ಧ ನೀರಿಗೆ ಹಾಕಿ, "ತಮ್ಮಾ, ಈಗ ಇನ್ನೊಮ್ಮೆ ಕರೆಂಟು ಕೊಡು" ಎಂದೆ. ಕೆಲವೇ ಕ್ಷಣಗಳಲ್ಲಿ ಆ ನೀರು ನಮ್ಮದಕ್ಕಿಂತ ಹೆಚ್ಚು ಕೊಳಕಾಯಿತು.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಅಲ್ಲಿ ಕಾಣುವ ಕೊಳೆ ನೀರಿನದ್ದಲ್ಲ, ಕಬ್ಬಿಣದ ಕಡ್ಡಿಯದು. ವಿದ್ಯುತ್ ಹರಿದಾಗ ಕಡ್ಡಿ ಕರಗಿ ತುಕ್ಕಿನಂಥ ಗಸಿಯಾಗುತ್ತದೆ. ವಿದ್ಯುತ್ ಹರಿಯಲು ನೀರಿನಲ್ಲಿ ಲವಣ ಬೇಕು. ಆರ್‌ಒ ನೀರಿನಲ್ಲಿ ಲವಣ ತೀರಾ ಕಡಿಮೆ, ಹಾಗಾಗಿ ಕಡ್ಡಿ ಕರಗುವುದಿಲ್ಲ, ಅಷ್ಟೇ. ಹುಡುಗನಿಗೆ ಇದು ನಿಜಕ್ಕೂ ಗೊತ್ತಿರಲಿಲ್ಲ. ತರಬೇತಿಯಲ್ಲಿ ಹೇಳಿಕೊಟ್ಟಿದ್ದನ್ನು ನಂಬಿದ್ದ. ನೀರಿನಲ್ಲಿ ಎಷ್ಟು ಲವಣ ಕರಗಿದೆ ಎಂದು ತೋರಿಸುವ ಅವನ ಟಿಡಿಎಸ್ ಮೀಟರಿನಲ್ಲಿ ನಮ್ಮ ನೀರನ್ನು ಅಳೆದೆವು: 36. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗಿನ ಲವಣಾಂಶ ಕುಡಿಯಲು ಯೋಗ್ಯ. ಅವನು ಊಟ ಮಾಡಿಕೊಂಡೇ ಹೋದ.

ಇದನ್ನು ಓದಿ ನಾನು ಆರ್‌ಒ ವಿರೋಧಿ ಎಂದು ಯಾರೂ ತಿಳಿಯಬಾರದು. ನಾನು ಹುಟ್ಟಿದ್ದು ಬಯಲುಸೀಮೆಯ ಪಾವಗಡದ ಕಡೆ. ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟಿಗಳಿವೆ. ನಮ್ಮೂರಿನ ಹೆಣ್ಣುಮಕ್ಕಳು ನಗುವಾಗ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದೆವು. ಅದು ನಾಚಿಕೆಯಲ್ಲ, ಫ್ಲೋರೈಡ್. ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಇರುವವರೆಗೆ ಸರಿ, ಬೇರೆ ನೀರೇ ಇಲ್ಲವಾದರೆ 1.5ರವರೆಗೆ. ನಮ್ಮ ಕೊಳವೆಬಾವಿಗಳಲ್ಲಿ ಅದನ್ನು ಮೀರಿತ್ತು. ಅಪ್ಪ ಐವತ್ತಕ್ಕೇ ಮೊಣಕಾಲು ಮಡಚಲಾರದೆ ಗೋಡೆ ಹಿಡಿದು ಏಳುತ್ತಿದ್ದರು. ಅಮ್ಮ ಎಷ್ಟು ಕುದಿಸಿದರೂ ಪ್ರಯೋಜನವಿರಲಿಲ್ಲ. ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಸಾಂದ್ರವಾಗುತ್ತದೆ. ಕೊನೆಗೆ ಊರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂತು. ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನ್ ತುಂಬುತ್ತದೆ. ಆ ಘಟಕದ ಒಳಗಿರುವುದು ಇದೇ ಆರ್‌ಒ.

ಅದರ ಕೆಲಸವನ್ನು ಅತ್ತೆಗೆ ವಿವರಿಸಲು ಮಿಡಿಯೇ ಸಾಕಾಯಿತು. ಉಪ್ಪಿನಲ್ಲಿ ಹಾಕಿದ ಮಿಡಿ ಒಂದೆರಡು ದಿನಗಳಲ್ಲಿ ಸುಕ್ಕುಗಟ್ಟಿ ನೀರು ಬಿಡುತ್ತದೆ. ಮಿಡಿಯೊಳಗಿನ ನೀರು ಜೀವಕೋಶಗಳ ಪೊರೆಯನ್ನು ದಾಟಿ ಉಪ್ಪು ಹೆಚ್ಚಿರುವ ಕಡೆಗೆ ಹೊರಡುತ್ತದೆ. ಇದೇ ಅಭಿಸರಣ. 1748ರಲ್ಲಿ ಫ್ರಾನ್ಸಿನ ನೊಲೆ ಎಂಬಾತ ಹಂದಿಯ ಮೂತ್ರಕೋಶದ ಪೊರೆಯಲ್ಲಿ ಇದನ್ನು ಕಂಡು ದಾಖಲಿಸಿದ. ನಮ್ಮ ಅಜ್ಜಿಯಂದಿರು ಜಾಡಿಯಲ್ಲಿ ಪ್ರತಿ ವರ್ಷ ಕಾಣುತ್ತಲೇ ಇದ್ದರು. ಈಗ ಉಪ್ಪುನೀರಿನ ಕಡೆಯಿಂದ ಬಲವಾಗಿ ಒತ್ತಿದರೆ ಏನಾಗುತ್ತದೆ? ನೀರು ತನ್ನ ಸಹಜ ದಾರಿಯನ್ನು ಬಿಟ್ಟು, ಉಪ್ಪನ್ನು ಹಿಂದೆ ಉಳಿಸಿ, ಪೊರೆಯ ಈಚೆ ಸಿಹಿನೀರಾಗಿ ಬರುತ್ತದೆ. ಹಿಮ್ಮುಖ ಅಭಿಸರಣವೆಂದರೆ ಇಷ್ಟೇ. ಸಮುದ್ರದ ನೀರನ್ನು ಹೀಗೆ ಹಿಂತಿರುಗಿಸಲು ವಾತಾವರಣದ ಒತ್ತಡದ ಸುಮಾರು 27 ಪಟ್ಟನ್ನು ಮೀರಿ ಒತ್ತಬೇಕು. ಕೊಳವೆಬಾವಿಯ ನೀರಿಗೆ ಅಷ್ಟು ಬೇಡ, ಮನೆಯ ಯಂತ್ರದ ಸಣ್ಣ ಪಂಪು ಸಾಕು.

ಅಷ್ಟು ಒತ್ತಡ ತಾಳುವ, ಆದರೂ ನೀರನ್ನು ಬೇಗ ಬಿಟ್ಟುಕೊಡುವ ಪೊರೆ ಬಹಳ ಕಾಲ ಯಾರ ಕೈಗೂ ಸಿಕ್ಕಿರಲಿಲ್ಲ. 1960ರ ಹೊತ್ತಿಗೆ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ಅದನ್ನು ಸಾಧಿಸಿದರು. 1965ರಲ್ಲಿ ಕ್ಯಾಲಿಫೋರ್ನಿಯಾದ ಕೊಲಿಂಗಾ ಎಂಬ ಊರಿನ ಉಪ್ಪುನೀರನ್ನು ಶುದ್ಧಗೊಳಿಸುವ ಘಟಕ ಶುರುವಾಯಿತು. ನಮ್ಮೂರಿನ ಕ್ಯಾನಿಗೆ ಬೀಳುವ ನೀರಿನ ಹಿಂದೆ ಸೌರಿರಾಜನ್ ಅವರ ಹೆಸರಿದೆ ಎಂದು ತರಗತಿಯಲ್ಲಿ ಹೇಳುವಾಗ ಪ್ರತಿ ಸಲವೂ ನನ್ನ ಗಂಟಲು ತುಂಬಿ ಬರುತ್ತದೆ.

ಪಕ್ಕದ ಮನೆಯವರು ಎರಡು ವರ್ಷದ ಹಿಂದೆ ಯಂತ್ರ ಹಾಕಿಸಿದ್ದರು. ಬೇಸಿಗೆಯಲ್ಲಿ ಅವರದು ಕೊಳವೆಬಾವಿ ನೀರು. ಅವರು ಕೆಟ್ಟ ಮೆಂಬ್ರೇನನ್ನು, ಅಂದರೆ ಆ ಪೊರೆಯ ಸುರುಳಿಯನ್ನು, ಬಿಸಾಡಲು ಹೊರಟಾಗ ಕೇಳಿ ತಂದು, ಜಗಲಿಯ ಮೇಲೆ ಕತ್ತಿಯಿಂದ ಸೀಳಿ ಬಿಚ್ಚಿದೆ. ನಡುವೆ ತೂತುಗಳಿರುವ ಕೊಳವೆ, ಅದರ ಸುತ್ತ ಚಾಪೆಯಂತೆ ಸುತ್ತಿದ ಹಾಳೆಗಳು, ಹಾಳೆಗಳ ನಡುವೆ ನೀರು ಓಡಾಡಲು ಬಲೆ. ಕೆಳಗಿನ ಬಟ್ಟೆಯಂಥ ಪದರ ಬರಿಯ ಆಧಾರಕ್ಕೆ. ಲವಣವನ್ನು ತಡೆಯುವುದು ಅದರ ಮೇಲಿರುವ ಪಾಲಿಅಮೈಡ್ ಪದರ. ಅದರ ದಪ್ಪ ಕೂದಲಿನ ನೂರರಲ್ಲೊಂದು ಪಾಲೂ ಇಲ್ಲ. ಬ್ಯಾಕ್ಟೀರಿಯಾ ಇರಲಿ, ಅದಕ್ಕಿಂತ ಸಾವಿರ ಪಟ್ಟು ಚಿಕ್ಕದಾದುದಕ್ಕೂ ಅಲ್ಲಿ ದಾರಿಯಿಲ್ಲ. ಪದರವನ್ನು ಕೆಡಿಸುವ ಕ್ಲೋರಿನ್ ಮೊದಲೇ ಇಲ್ಲವಾಗಲಿ ಎಂದು ಮುಂದೆ ಇದ್ದಿಲಿನ ಫಿಲ್ಟರ್, ಅದಕ್ಕೂ ಮುಂದೆ ಕೆಸರು ಹಿಡಿಯುವ ಫಿಲ್ಟರ್ ಇರುತ್ತವೆ. ಅವರ ಮೆಂಬ್ರೇನಿನ ಹಾಳೆಗಳಿಗೆ ಕೆಂಪು ಲೇಪ ಹತ್ತಿತ್ತು. ನಮ್ಮ ಕಡೆಯ ಹಲವು ಕೊಳವೆಬಾವಿಗಳಲ್ಲಿ ಕಬ್ಬಿಣದ ಅಂಶವಿದೆ. ಎತ್ತಿದಾಗ ತಿಳಿಯಾಗಿರುವ ನೀರು ಗಾಳಿ ತಾಕಿದಂತೆ ಕೆಂಪಾಗುತ್ತದೆ. ಅದನ್ನು ರಾತ್ರಿಯಿಡೀ ತೆರೆದ ಪಾತ್ರೆಯಲ್ಲಿ ಇಟ್ಟು ಬಟ್ಟೆಯಲ್ಲಿ ಸೋಸಿದರೆ ಬಹಳಷ್ಟು ಕಬ್ಬಿಣ ತಳದಲ್ಲೇ ಉಳಿಯುತ್ತದೆ.

ಇನ್ನು ಹೊರಹೋಗುವ ನೀರು. ಪೊರೆ ತಡೆದ ಲವಣವನ್ನು ತೊಳೆದು ಸಾಗಿಸಲು ನೀರೇ ಬೇಕು. ಪಕ್ಕದ ಮನೆಯಲ್ಲಿ ಬಕೆಟ್ ಇಟ್ಟು ಅಳೆದೆ. ಒಂದು ಲೀಟರ್ ಕುಡಿಯುವ ನೀರಿಗೆ ಮೂರು ಲೀಟರ್ ಚರಂಡಿಗೆ ಹೋಗುತ್ತಿತ್ತು. ಏಪ್ರಿಲಿನಲ್ಲಿ ನಮ್ಮ ಅಬ್ಬಿ ಬೆರಳಿನಷ್ಟು ಸಣ್ಣಗಾಗುತ್ತದೆ, ಆಗ ಹೀಗೆ ಚೆಲ್ಲುವುದನ್ನು ನನ್ನಿಂದ ನೋಡಲಾಗದು. ಈಗ ಅವರು ಪೈಪನ್ನು ತೊಟ್ಟಿಗೆ ತಿರುಗಿಸಿ ಪಾತ್ರೆ ತೊಳೆಯಲು ಬಳಸುತ್ತಾರೆ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಟಿಡಿಎಸ್ 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಒ ಬಳಕೆಯನ್ನು ನಿಷೇಧಿಸಬೇಕೆಂದು ಸರ್ಕಾರಕ್ಕೆ ಹೇಳಿದ್ದು ಈ ಕಾರಣಕ್ಕೇ. ನಮ್ಮ ನೀರಿನಲ್ಲಿ ಲವಣ ಇಷ್ಟು ಕಡಿಮೆಯಿರಲು ಮಳೆಯೇ ಕಾರಣ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಯುಗಯುಗಗಳಿಂದ ಆ ಮಳೆ ನಮ್ಮ ಗುಡ್ಡಗಳ ಲವಣವನ್ನು ತೊಳೆದುಬಿಟ್ಟಿದೆ. ಗಂಗಾಸ್ನಾನ, ತುಂಗಾಪಾನ ಎಂಬ ಮಾತಿನ ರುಚಿ ಅಲ್ಲಿಂದ ಬಂದದ್ದು. ಪಾವಗಡದಲ್ಲಿ ಅದರ ಹತ್ತರಲ್ಲೊಂದು ಪಾಲೂ ಮಳೆಯಿಲ್ಲ. ನೀರು ಆಳದ ಬಂಡೆಗಳ ಸಂದಿನಲ್ಲಿ ವರ್ಷಗಟ್ಟಲೆ ನಿಂತು ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ.

ಆದರೆ ಸಿಹಿಯಾದ ನೀರೆಲ್ಲ ಸ್ವಚ್ಛವೆಂದು ನಂಬಿದ್ದು ನಮ್ಮ ತಪ್ಪು. ಹುಡುಗ ಹೋದ ಮೇಲೂ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿದಿತ್ತು. ಟಿಡಿಎಸ್ ಮೀಟರ್ ಅಳೆಯುವುದು ವಿದ್ಯುತ್ ಹರಿಯುವಿಕೆಯನ್ನು, ರೋಗಾಣುಗಳನ್ನಲ್ಲ. ಜುಲೈನಲ್ಲಿ ಶಾಲೆಯಿಂದ ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯ ಸಣ್ಣ ಬಾಟಲಿ ತಂದು ಅಬ್ಬಿ ನೀರು ತುಂಬಿದೆ. ಮಳೆಗಾಲದ ಥಂಡಿಗೆ ಬಚ್ಚಲ ಒಲೆಯಿಂದ ತುಸು ದೂರದಲ್ಲಿ, ಬೆಚ್ಚಗಿರುವ ಕಡೆ ಇಟ್ಟೆ. ಎರಡನೆಯ ದಿನ ಬೆಳಿಗ್ಗೆ ನೀರು ಕಪ್ಪಾಗಿತ್ತು. ಮಲದ ಸಂಪರ್ಕ ನೀರಿಗೆ ಆಗಿದೆ ಎಂಬುದರ ಸೂಚನೆ ಅದು. ಗುಡ್ಡದ ಮೇಲೆ ದನ ಮೇಯುತ್ತವೆ, ಕಾಡುಪ್ರಾಣಿಗಳು ಓಡಾಡುತ್ತವೆ, ನಮ್ಮ ತೊಟ್ಟಿಗೆ ಮುಚ್ಚಳವಿರಲಿಲ್ಲ.

ಅತ್ತೆಗೆ ಹೇಳಲು ಎರಡು ದಿನ ಹಿಂಜರಿದೆ. ಹೇಳಿದಾಗ ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, "ಕುದಿಸಿದರೆ ಹೋಗುತ್ತದೋ?" ಎಂದರು. ಹೋಗುತ್ತದೆ ಅತ್ತೆ, ಗುಳ್ಳೆಯೆದ್ದು ಒಂದು ನಿಮಿಷ ಕುದಿದರೆ ಸಾಕು ಎಂದೆ. ಪಾವಗಡದ ಅಮ್ಮನಿಗೆ ಎಂದೂ ಹೇಳಲಾಗದ ಮಾತು ಅದು. ಅಂದಿನಿಂದ ಮನೆಯಲ್ಲಿ ಜೀರಿಗೆ ಹಾಕಿ ಕುದಿಸಿದ ನೀರು. ತೊಟ್ಟಿಗೆ ಮುಚ್ಚಳ ಬಂದಿದೆ, ಅಬ್ಬಿಯ ಸುತ್ತ ದನ ಹೋಗದಂತೆ ಬೇಲಿಯಾಗಿದೆ.

ಹೋದ ವಾರ ಅಣ್ಣ ಫೋನ್ ಮಾಡಿದ್ದ. ನಮ್ಮೂರಿನ ಘಟಕ ಕೆಟ್ಟು ತಿಂಗಳಾಯಿತಂತೆ. ಮೆಂಬ್ರೇನಿಗೆ ಲವಣದ ಗಟ್ಟಿ ಪದರ ಕಟ್ಟಿದೆ, ಬದಲಿಸಲು ಯಾರೂ ಬಂದಿಲ್ಲ. ಜನ ಮತ್ತೆ ಕೊಳವೆಬಾವಿ ನೀರು ಕುಡಿಯುತ್ತಿದ್ದಾರೆ. ಅಣ್ಣನ ಮೊಮ್ಮಗಳಿಗೆ ಈಗ ಮೂರು ವರ್ಷ, ಅವಳ ಶಾಶ್ವತ ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುತ್ತಿರುವ ಕಾಲ. ಇಲ್ಲಿ 36 ಟಿಡಿಎಸ್ ನೀರಿನ ಮನೆಗೆ ಹುಡುಗರು ಬಿಸಿಲಿನಲ್ಲಿ ಯಂತ್ರ ಹೊತ್ತು ಬರುತ್ತಾರೆ, ಅಲ್ಲಿ ಇರುವ ಒಂದನ್ನು ರಿಪೇರಿ ಮಾಡಲು ಜನವಿಲ್ಲ. ಅಂದು ಊಟ ಮಾಡಿ ಹೋದ ಹುಡುಗನ ನಂಬರ್ ನನ್ನ ಬಳಿ ಇತ್ತು. ದೊಡ್ಡ ಘಟಕದ ಮೆಂಬ್ರೇನಿಗೆ ಏನು ಬೆಲೆ, ಯಾರು ಹಾಕಿಕೊಡುತ್ತಾರೆ ಎಂದು ಕೇಳಿದೆ. ವಿಚಾರಿಸಿ ಹೇಳುತ್ತೇನೆ ಎಂದಿದ್ದಾನೆ. ಶನಿವಾರ ರಾತ್ರಿಯ ಬಸ್ಸಿಗೆ ಊರಿಗೆ ಹೊರಟಿದ್ದೇನೆ.